ಮಾವನವರ ಕಷಾಯ, ಕೆರೆ ದಂಡೆಯ ಚಹಾ

ನಮ್ಮ ಮಾವನವರು ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ಬಸವಕಲ್ಯಾಣದಿಂದ ನಸುಕಿನಲ್ಲಿ ಹೊರಡುವ ಮೊದಲ ಗಾಡಿ ಬಹಳ ವರ್ಷ ಅವರದೇ ಆಗಿತ್ತು. ನಿವೃತ್ತಿಯಾದ ಮೇಲೆ ಬಿಸಿಲು ಮೈಮೇಲೆ ಬರುವವರೆಗೆ ಮಲಗುತ್ತೇನೆ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಆದರೆ ಆ ಸುದ್ದಿ ಅವರ ದೇಹಕ್ಕೆ ಮುಟ್ಟಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಳದ ಕುರ್ಚಿಯ ಮೇಲೆ ಕೂತುಬಿಡುತ್ತಿದ್ದರು. ಎಲ್ಲ ತಯಾರಿ ಆಗಿರುತ್ತಿತ್ತು, ಹೋಗಬೇಕಾದ ಊರು ಮಾತ್ರ ಇರುತ್ತಿರಲಿಲ್ಲ. ಅತ್ತೆ ಹಾಸಿಗೆಯಿಂದಲೇ, "ನಿಮ್ಮ ಗಾಡಿ ಹೋಗ್ಯಾದ, ಇನ್ನ ಮಲ್ಕೋರಿ," ಎನ್ನುತ್ತಿದ್ದರು.

ನಾನು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ, ಗಿಡಮೂಲಿಕೆಗಳಿಂದ ಸಾರ ತೆಗೆಯುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಶ್ವಗಂಧದ ಬೇರು, ಒಣ ನೆಲ್ಲಿಕಾಯಿ, ಅರಿಶಿಣದ ಕೊಂಬು ಎಲ್ಲವೂ ಚೀಲಗಳಲ್ಲಿ ಬರುತ್ತವೆ. ದೊಡ್ಡ ಕಡಾಯಿಗಳಲ್ಲಿ ಕುದ್ದು, ಬತ್ತಿ, ಒಣಗಿ ಪುಡಿಯಾಗಿ ಹೊರಗೆ ಹೋಗುತ್ತವೆ. ಆ ಪುಡಿಯಲ್ಲಿ ಬೇಕಾದ ಅಂಶ ಬೇಕಾದಷ್ಟಿದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ದಿನವೂ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಮನೆಯ ಹೊಸ್ತಿಲು ದಾಟುವಾಗ ಅತ್ತೆ ನನ್ನ ದುಪಟ್ಟಾ ಮೂಸಿ, ಆ ದಿನ ಕಾರ್ಖಾನೆಯಲ್ಲಿ ಏನು ಕುದಿಸಿದ್ದಾರೆ ಎಂದು ಹೇಳುತ್ತಿದ್ದರು. ಅಶ್ವಗಂಧ ಕುದಿಸಿದ ದಿನ ಮಾತ್ರ ಏನೂ ಹೇಳದೆ ಮೂಗು ಮುಚ್ಚಿಕೊಂಡು ಬಚ್ಚಲಿನ ಕಡೆ ಕೈ ತೋರಿಸುತ್ತಿದ್ದರು.

ಕೊರೊನಾ ಬಂದು ಹೋದ ಮೇಲೆ 'ಇಮ್ಯುನಿಟಿ' ಎಂಬ ಶಬ್ದ ನಮ್ಮ ಕಡೆ ಉಪ್ಪು, ಬೆಲ್ಲದ ಹಾಗೆ ಮನೆಮಾತಾಗಿತ್ತು. ಮಾವನವರಿಗೆ ಮೊಬೈಲಿನಲ್ಲಿ ದಿನಕ್ಕೊಂದು ವೀಡಿಯೊ ಬರುತ್ತಿತ್ತು. ಒಬ್ಬರು ತುಳಸಿ ಎಂದರೆ ಇನ್ನೊಬ್ಬರು ನುಗ್ಗೆ ಸೊಪ್ಪು ಎನ್ನುತ್ತಿದ್ದರು. ಎಲ್ಲರೂ ಒಪ್ಪಿಕೊಂಡಿದ್ದು ಅಮೃತಬಳ್ಳಿಯನ್ನು. ನನ್ನ ತವರು ಮೋರಖಂಡಿ. ಅಲ್ಲಿ ನಮ್ಮ ಅವ್ವನ ಮನೆಯ ಹಿಂದಿನ ಬೇವಿನ ಗಿಡಕ್ಕೆ ಅಮೃತಬಳ್ಳಿ ಹಬ್ಬಿದೆ ಎಂದು ನಾನು ಎಂದೋ ಹೇಳಿದ್ದು ಅವರ ತಲೆಯಲ್ಲಿ ಉಳಿದಿತ್ತು. ಒಂದು ಮುಂಜಾನೆ ಯಾರಿಗೂ ಹೇಳದೆ ಮೋರಖಂಡಿಗೆ ಹೋಗಿ, ಬೀಗರ ಮನೆಯಲ್ಲಿ ಜೋಳದ ರೊಟ್ಟಿ ಉಂಡು, ಚೀಲದ ತುಂಬ ಬಳ್ಳಿಯ ಕಾಂಡ ತುಂಬಿಕೊಂಡು ಬಂದರು.

ಅಂದಿನಿಂದ ನಸುಕಿಗೆ ನಮ್ಮ ಒಲೆಯ ಮೇಲೆ ಕಷಾಯ ಕುದಿಯತೊಡಗಿತು. ಅಮೃತಬಳ್ಳಿ ಜಜ್ಜಿ ಹಾಕಿ, ತುಳಸಿ, ಕರಿಮೆಣಸು, ಅರಿಶಿಣ ಸೇರಿಸಿ, ನೀರು ಅರ್ಧಕ್ಕೆ ಇಳಿಯುವವರೆಗೆ ಬಿಡುತ್ತಿದ್ದರು. ಮೊದಲ ದಿನ ನಾವೆಲ್ಲ ಮರ್ಯಾದೆಗೆ ಕುಡಿದೆವು. ಎರಡನೆಯ ದಿನ ನನ್ನ ಗಂಡ ಅಂಗಡಿಗೆ ತಡವಾಯಿತೆಂದು ಓಡಿದರು. ಅತ್ತೆ ಆ ದಿನ ಉಪವಾಸ ಎಂದರು. ಯಾವ ದೇವರ ಉಪವಾಸ ಎಂದು ಮಾವ ಕೇಳಿದಾಗ, "ಕಹಿ ತಿನ್ಬಾರ್ದಂತ ಹೇಳೋ ಯಾವ ದೇವ್ರಾದ್ರೂ ಆಗ್ಲಿ," ಎಂದು ಅತ್ತೆ ರೊಟ್ಟಿ ತಟ್ಟುತ್ತ ಕೂತರು.

ಆ ವಾರದಲ್ಲೇ ಒಂದು ಸಂಜೆ ಮಾವ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು.

"ಯವ್ವಾ, ಈ ಆ್ಯಂಟಿ ಆಕ್ಸಿಡೆಂಟ್ ಅಂತಾರಲ್ಲ, ಇದು ಕುಡಿದ್ರ ಆಕ್ಸಿಡೆಂಟ್ ಆಗಂಗಿಲ್ಲ ಏನು? ಹಂಗಿದ್ರ ನಮ್ಮ ಡಿಪೋದಾಗ ಯಾರೂ ಯಾಕ ಹೇಳ್ಲಿಲ್ಲ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ನಗು ತಡೆದುಕೊಂಡು, ಅದು ಆಕ್ಸಿಡೆಂಟ್ ಅಲ್ಲ, ಆಕ್ಸಿಡೆಂಟಿಗೂ ಇದಕ್ಕೂ ಸಂಬಂಧವಿಲ್ಲ, ಆ್ಯಂಟಿ ಆಕ್ಸಿಡಂಟ್ ಎಂದು ತಿದ್ದಿದೆ. ಅಡುಗೆಮನೆಯಿಂದ ಒಂದು ಬದನೆಕಾಯಿ ತಂದು ಹೆಚ್ಚಿ ಅವರ ಮುಂದಿಟ್ಟೆ. ಮಾತಾಡುತ್ತ ಕೂತಿರುವಾಗಲೇ ಹೋಳು ಕಂದಿ ಕಪ್ಪಾಯಿತು.

"ಗಾಳಿ ತಾಗಿ ಹಿಂಗಾಗ್ತದ್ರಿ. ಕಬ್ಬಿಣಕ್ಕ ಜಂಗು ಹಿಡೀತದಲ್ಲ, ಅದೂ ಗಾಳಿ ಕೆಲಸಾನ. ನಮ್ಮ ಮೈಯೊಳಗೂ ಉಸಿರಾಡಿದ ಗಾಳಿಯಿಂದ ಕೆಲವು ಪುಂಡ ಕಣ ಹುಟ್ಟತಾವ. ಸುಮ್ಮ ಕೂಡಂಗಿಲ್ಲ, ಪಕ್ಕದವರಿಗೆ ಕೈ ಹಾಕ್ತಾವ. ಗಿಡದಾಗಿನ ಕೆಲವು ಅಂಶ ಆ ಪುಂಡರನ್ನ ತಣ್ಣಗ ಮಾಡ್ತಾವ್ರಿ. ಅದಕ್ಕ ಆ್ಯಂಟಿ ಆಕ್ಸಿಡಂಟ್ ಅಂತಾರ."

ಮಾವ ಬದನೆ ಹೋಳನ್ನು ತಿರುವಿ ತಿರುವಿ ನೋಡಿದರು. "ಅಂದ್ರ ಬಸ್ಸಿನ ಬಾಡಿಗೆ ಜಂಗು ಹಿಡೀದಂಗ ಹಚ್ಚೋ ಪೇಂಟು. ಇಷ್ಟ ಸರಳ ಮಾತಿಗೆ ಅಷ್ಟುದ್ದ ಹೆಸರು ಯಾಕ ಇಟ್ಟಾರ?" ಎಂದರು. ಅದು ಅಷ್ಟು ಸರಳವಲ್ಲ ಎಂದು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಹೋಗಿ ಮಾಳಿಗೆಯಿಂದ ಹಿತ್ತಾಳೆಯ ದೊಡ್ಡ ಚಹಾದ ಕಿಟ್ಲಿಯನ್ನು ಇಳಿಸುತ್ತಿದ್ದರು. ಮನೆಯವರು ಕುಡಿಯದಿದ್ದರೇನು, ಊರು ದೊಡ್ಡದಿದೆ ಎಂದು ಅವರಿಗೆ ಹೊಳೆದಿತ್ತು.

ಬಸವಕಲ್ಯಾಣದಲ್ಲಿ ಬೆಳಗ್ಗೆ ನಡೆಯುವವರು ತ್ರಿಪುರಾಂತ ಕೆರೆಯ ಕಡೆ ಬರುತ್ತಾರೆ. ಸಕ್ಕರೆ ಕಾಯಿಲೆಯವರು, ಮೊಣಕಾಲು ನೋವಿನವರು, ಮನೆಯಲ್ಲಿ ಪೇಪರ್ ಓದಲು ಜಾಗ ಸಿಗದವರು. ಅಲ್ಲೇ ದಾರಿಯ ಪಕ್ಕ ಒಬ್ಬರ ಚಹಾದ ಬಂಡಿ ಇದೆ. ನಾಲ್ಕು ಗಾಲಿಯ ಬಂಡಿ, ಮೇಲೊಂದು ನೀಲಿ ತಾಡಪತ್ರಿ. ಮಾವನವರು ಕೆಲಸದಲ್ಲಿದ್ದಾಗ ಇದೇ ಮನುಷ್ಯ ಬಸ್ ನಿಲ್ದಾಣದಲ್ಲಿ ಚಹಾ ಮಾರುತ್ತಿದ್ದರು, ಆಗಿನಿಂದಲೂ ಇವರನ್ನು 'ಡ್ರೈವರ್ ಸಾಬ್' ಎನ್ನುತ್ತಾರೆ. ಮಾವ ಕಿಟ್ಲಿ ಹಿಡಿದು ಹೋಗಿ ಅವರ ಬಂಡಿಯ ಪಕ್ಕದಲ್ಲೇ ಒಂದು ಸ್ಟೂಲು ಹಾಕಿದರು. ನಡೆಯುತ್ತಿದ್ದವರನ್ನು ನಿಲ್ಲಿಸಿ ನಿಲ್ಲಿಸಿ, "ಬರ್ರಿ, ಧರ್ಮಕ್ಕ ಅದ. ಬಾಡಿಗೆ ಜಂಗು ಹಿಡೀಬಾರ್ದು," ಎಂದು ಗ್ಲಾಸು ಕೊಡುತ್ತಿದ್ದರು. ಬೋಣಿಗೆ ಮಾಡಿದವರು ಚಹಾದವರೇ. ಒಂದು ಗುಟುಕು ಕುಡಿದು ಬಹಳ ಹೊತ್ತು ಕೆರೆಯ ನೀರನ್ನೇ ನೋಡುತ್ತ ನಿಂತಿದ್ದರಂತೆ.

ಇಬ್ಬರಿಗೂ ಜಗಳ ಹತ್ತಬಹುದು, ಚಹಾದವರ ಗಿರಾಕಿಗಳನ್ನು ಮಾವ ಕಿತ್ತುಕೊಂಡ ಹಾಗಾಗುತ್ತದೆ ಎಂದು ನನಗೆ ಅಂಜಿಕೆ. ಒಂದು ಭಾನುವಾರ ನೋಡಿ ಬರಲು ನಾನೂ ಹೋದೆ. ಅಲ್ಲಿ ಕಂಡದ್ದೇ ಬೇರೆ. ಚಹಾದವರು ತಮ್ಮ ಕೈಯಾರೆ ಮಾವನವರ ಗ್ಲಾಸು ತೊಳೆದು ಕೊಡುತ್ತಿದ್ದರು. ಮಾವ ಕೂಡಲು ಬಂಡಿಯ ನೆರಳಿನಲ್ಲಿ ಜಾಗ ಮಾಡಿ, ಸ್ಟೂಲಿಗೆ ಒಂದು ಚೀಲ ಮಡಚಿ ಮೆತ್ತಗೆ ಹಾಸಿದ್ದರು. ಯಾರಾದರೂ ಕಷಾಯ ಬೇಡವೆಂದರೆ ಚಹಾದವರೇ ಒತ್ತಾಯ ಮಾಡುತ್ತಿದ್ದರು.

ಮಾವ ಆಚೆ ಹೋದಾಗ ನಾನು ಅವರನ್ನು ಕೇಳಿದೆ, "ಕಾಕಾ, ನಿಮಗ ಇದ್ರಿಂದ ತಕಲೀಫ್ ಆಗಾಕತ್ತಿಲ್ಲಾ?"

"ತಕಲೀಫ್ ಏನ್ ಬಂತು ಬೇಟಿ," ಎಂದು ಅವರು ದನಿ ತಗ್ಗಿಸಿದರು. "ಸಾಬ್ ಕಷಾಯ ಕುಡಿದವ್ರು ಬಾಯಿ ಸರಿ ಮಾಡ್ಕೊಳ್ಳಾಕ ಸೀದಾ ನನ್ನ ಬಂಡಿಗೇ ಬರ್ತಾರ. ಮೊದ್ಲ ಕಟಿಂಗ್ ಕುಡಿಯೋರು ಈಗ ಫುಲ್ ಚಾ ಕುಡೀತಾರ. ಅಲ್ಲಾ ಅವ್ರಿಗಿ ಉಮರ್ ಕೊಡ್ಲಿ, ನೂರು ವರ್ಷ ಬಾಳ್ಲಿ."

ಆ ಭಾನುವಾರ ನಾನೂ ಮಾವನವರ ಕೈಯಿಂದ ಒಂದು ಗ್ಲಾಸು ಕಷಾಯ ಕುಡಿದು, ಆಮೇಲೆ ಫುಲ್ ಚಹಾ ಕುಡಿದೆ.

ಜನ ಬರುತ್ತಿದ್ದ ಹಾಗೆ ಮಾವನವರಿಗೆ ಒಂದು ಬೋರ್ಡು ಬೇಕೆನಿಸಿತು. 'ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು' ಎಂದು ಬರೆಸುವುದು ಅವರ ಆಲೋಚನೆ. ಪ್ರಯೋಗಾಲಯ ಮನೆಯಲ್ಲೇ ಇದೆಯಲ್ಲ ಎಂದು ನನ್ನ ಕಡೆ ನೋಡಿದರು.

"ನಿಮ್ಮ ಮಷೀನ್ದಾಗ ಹಾಕಿ, ಎಷ್ಟ ಪವರ್ ಅದ ಅಷ್ಟ ಹೇಳಿಬಿಡು ಯವ್ವಾ. ಬಾಕಿ ನಾ ನೋಡ್ಕೊಂತೀನಿ."

"ಮಾವಾರೇ, ರೋಗ ತಡಿಯೋ ಶಕ್ತಿ ಅಂದ್ರ ಡೀಸೆಲ್ ಟಾಕಿ ಅಲ್ರಿ, ಮುಳ್ಳು ನೋಡಿ ತುಂಬಾಕ. ಅದನ್ನ ಅಳಿಯೋ ಮಷೀನು ನಮ್ಮ ಕಡೆ ಇಲ್ಲ. ಬದನಿಕಾಯಿ ಕಪ್ಪಾಯ್ತಲ್ಲ, ಆ ಕಥಿ ಮಾತ್ರ ನೋಡಬಹುದು."

"ಅದನ್ನಾ ನೋಡು," ಎಂದರು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಕಟ್ಟುನಿಟ್ಟಿನ ಹೆಂಗಸು. ಅಂಜುತ್ತಲೇ ಕೇಳಿದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿ, ಶನಿವಾರ ಕೆಲಸ ಮುಗಿದ ಮೇಲೆ ಮಾಡಿಕೋ, ತಾನೂ ನೋಡುತ್ತೇನೆ ಎಂದರು. ಅವರ ಮನೆಯಲ್ಲೂ ಯಾರೋ ಕಷಾಯ ಕುದಿಸುವವರಿದ್ದಿರಬೇಕು.

ಶನಿವಾರ ಫ್ಲಾಸ್ಕಿನಲ್ಲಿ ಕಷಾಯ ತುಂಬಿಕೊಂಡು ಹೊರಟೆ. ಇಂಥ ಪರೀಕ್ಷೆಯಲ್ಲಿ ಹೋಲಿಸಿ ನೋಡಲು ಇನ್ನೊಂದು ಏನಾದರೂ ಬೇಕು. ಬಸ್ ಹಿಡಿಯುವ ಮೊದಲು ಕೆರೆಯ ಕಡೆ ಹೋಗಿ ಚಹಾದವರಿಂದ ಹಾಲು, ಸಕ್ಕರೆ ಹಾಕುವ ಮೊದಲಿನ ಕರೀ ಚಹಾ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಸಿಕೊಂಡೆ. ಯಾಕೆಂದು ಅವರು ಕೇಳಲಿಲ್ಲ. ಹೊಟ್ಟೆ ಕೆಟ್ಟಿರಬೇಕೆಂದು ತಿಳಿದು ಒಂದು ನಿಂಬೆಹಣ್ಣನ್ನೂ ಕೊಟ್ಟರು.

ಪರೀಕ್ಷೆ ನೋಡಲು ಚೆಂದವಾಗಿರುತ್ತದೆ. ಒಂದು ದ್ರಾವಣವಿದೆ, ಕಡು ನೇರಳೆ ಬಣ್ಣ, ಹಣ್ಣಾದ ನೇರಳೆಯ ರಸದ ಹಾಗೆ. ಅದರಲ್ಲಿ ತುಂಬಿರುವುದೂ ಅದೇ ಪುಂಡ ಕಣಗಳು. ಅವುಗಳನ್ನು ತಣ್ಣಗೆ ಮಾಡುವ ವಸ್ತು ಬಿದ್ದರೆ ನೇರಳೆ ಬಣ್ಣ ಇಳಿಯುತ್ತ ಇಳಿಯುತ್ತ ಒಣ ಹುಲ್ಲಿನ ಹಳದಿಗೆ ಬರುತ್ತದೆ. ಎರಡು ಗಾಜಿನ ನಳಿಗೆಗಳಲ್ಲಿ ಆ ದ್ರಾವಣ ತೆಗೆದುಕೊಂಡು ಒಂದಕ್ಕೆ ಕಷಾಯದ ಹನಿ, ಇನ್ನೊಂದಕ್ಕೆ ಅಷ್ಟೇ ಚಹಾದ ಹನಿ ಹಾಕಿ, ಕತ್ತಲಿನ ಪೆಟ್ಟಿಗೆಯಲ್ಲಿ ಇಟ್ಟೆವು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕಷಾಯದ ನಳಿಗೆ ತಿಳಿ ನೇರಳೆಗೆ ಬಂದು ನಿಂತಿತ್ತು. ಪಾಪ, ಕೆಲಸ ಮಾಡಿತ್ತು. ಆದರೆ ಪಕ್ಕದ ನಳಿಗೆಯಲ್ಲಿ ನೇರಳೆಯ ಸುಳಿವೇ ಇರಲಿಲ್ಲ. ಚಹಾ ಅದನ್ನು ಪೂರ್ತಿ ಹಳದಿ ಮಾಡಿ ಕೂತಿತ್ತು. ನಳಿಗೆ ಅದಲುಬದಲಾಗಿರಬಹುದೆಂದು ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ.

ಮುಖ್ಯಸ್ಥೆ ಬಹಳ ಹೊತ್ತು ನಕ್ಕರು. ಆ ಹೆಂಗಸು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಚಹಾದ ಒಗರಿನಲ್ಲೇ ಆ ಗುಣ ಇದೆ, ಇದು ಹೊಸದೇನಲ್ಲ. ಆದರೆ ಮನೆಯಲ್ಲಿ ಹೇಗೆ ಹೇಳ್ತೀಯ?" ಎಂದು ಕೇಳಿದರು. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಬಸವಕಲ್ಯಾಣದ ಕಡೆ ಹೊರಳುವವರೆಗೂ ನಾನು ಅದನ್ನೇ ಯೋಚಿಸುತ್ತಿದ್ದೆ.

ಊಟಕ್ಕೆ ಕೂತಾಗ ಹೇಳಿದೆ. ಮಾವ ತುತ್ತು ಕೈಯಲ್ಲೇ ಹಿಡಿದು, "ಚಾ?" ಎಂದರು.

"ಹೌದ್ರಿ."

"ನಮ್ಮ ಬಂಡಿ ಚಾ?"

"ಹೌದ್ರಿ. ಹಾಲು ಹಾಕದ್ದು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಎದ್ದು ಹೋದರು. ಒಳಗಿನಿಂದ ಅವರು ನಗುವ ಸದ್ದು, ಅದನ್ನು ಮುಚ್ಚಲು ಪಾತ್ರೆ ಸರಿಸುವ ಸದ್ದು, ಎರಡೂ ಕೇಳುತ್ತಿದ್ದವು. ನಾನು ಸಮಾಧಾನ ಹೇಳಲು ನೋಡಿದೆ. ಬಣ್ಣ ಇಳಿದದ್ದು ಗಾಜಿನ ನಳಿಗೆಯೊಳಗಿನ ಮಾತು. ಹೊಟ್ಟೆಗೆ ಹೋಗಿ, ಕರಗಿ, ರಕ್ತಕ್ಕೆ ಸೇರಿ ಏನಾಗುತ್ತದೆ ಎಂಬುದು ಬೇರೆ ಮಾತು. ನಳಿಗೆಯಲ್ಲಿ ಗೆದ್ದದ್ದೆಲ್ಲ ಮೈಯಲ್ಲೂ ಗೆಲ್ಲಬೇಕೆಂದಿಲ್ಲ, ಸೋತದ್ದು ಕೆಲಸಕ್ಕೆ ಬಾರದ್ದೂ ಅಲ್ಲ. ಅಮೃತಬಳ್ಳಿಯ ಗುಣ ಬೇರೆಯೇ ಇರಬಹುದು, ಅದನ್ನು ಈ ಬಣ್ಣದಿಂದ ಹೇಳಲು ಬರುವುದಿಲ್ಲ.

ಮಾವ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಹಂಗಾರ ನಿಮ್ಮ ಕಂಪನಿಯವ್ರು ಪುಡಿ ಯಾಕ ಮಾಡ್ತಾರ?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. "ಇದ್ರಾಗ ಇಂಥಾ ಅಂಶ ಇಷ್ಟು ಅದ ಅಂತ ನಾವು ಬರದು ಕೊಡ್ತೀವ್ರಿ, ಅಷ್ಟ. ಅದು ಯಾರಿಗಿ, ಯಾವ ರೋಗಕ್ಕ, ಎಷ್ಟು ಅನ್ನೋದು ನಮ್ಮ ಕೆಲಸ ಅಲ್ಲ," ಎಂದೆ. ಉತ್ತರ ಅವರಿಗೆ ಹಿಡಿಸಿದ ಹಾಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಹಿಡಿಸಿರಲಿಲ್ಲ.

ಬೋರ್ಡಿನ ಮಾತು ನಿಂತಿತು. ಆದರೆ ಚಹಾದ ಮುಂದೆ ಸೋತದ್ದು ಮಾವನವರ ಮನಸ್ಸಿಗೆ ಹತ್ತಿತ್ತು. ಅವರು ಮಾಡಿದ ಉಪಾಯ ಸರಳವಾಗಿತ್ತು: ಕಷಾಯಕ್ಕೆ ಅಮೃತಬಳ್ಳಿ ಹೆಚ್ಚಿಗೆ ಹಾಕುವುದು. ನಮಗೆ ಯಾರಿಗೂ ಹೇಳಲಿಲ್ಲ. ಬಣ್ಣ ದಿನದಿನಕ್ಕೆ ಗಾಢವಾಗುತ್ತ ಹೋಯಿತು. ಕೆರೆ ದಂಡೆಯಲ್ಲಿ ಕುಡಿಯುವವರು ಕಡಿಮೆಯಾದಂತೆ ಕಿಟ್ಲಿಯಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ತಾವೇ ಕುಡಿದು ಮುಗಿಸುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅದರ ಗುಳಿಗೆಯನ್ನೂ ತಪ್ಪದೆ ನುಂಗುತ್ತಿದ್ದರು.

ಒಂದು ಬೆಳಗ್ಗೆ ಕಾರ್ಖಾನೆಗೆ ಹೊರಡಲು ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಿಗೆ ಒಂದು ಆಟೊ ಬಂದು ನಿಂತಿತು. ಒಳಗೆ ಮಾವ, ಅವರ ಹೆಗಲು ಹಿಡಿದುಕೊಂಡು ಚಹಾದವರು. ಕೆರೆ ದಂಡೆಯಲ್ಲಿ ಮಾತಾಡುತ್ತ ನಿಂತಿದ್ದ ಮಾವನವರಿಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಕಣ್ಣು ಕತ್ತಲೆ ಬಂದಿತ್ತು. ಚಹಾದವರ ತಾಯಿಗೂ ಇದೇ ಕಾಯಿಲೆ ಇದ್ದುದರಿಂದ ಅವರಿಗೆ ಗೊತ್ತಾಗಿದೆ. ಕೂಡಿಸಿ, ಸಕ್ಕರೆ ಕಲಸಿದ ಚಹಾವನ್ನು ಬಸಿ ತಟ್ಟೆಯಲ್ಲಿ ಆರಿಸಿ ಆರಿಸಿ ಕುಡಿಸಿದ್ದಾರೆ. ಆಟೊದಿಂದ ಇಳಿಯುವಾಗ ಮಾವ ಸುಧಾರಿಸಿಕೊಂಡಿದ್ದರು, ಆದರೆ ಮುಖ ಇಳಿದಿತ್ತು. ಅತ್ತೆ ಒಂದು ಮಾತೂ ಆಡದೆ ಅವರ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ನಾನು ರಜೆ ಹೇಳಿ ಮಾವನವರನ್ನು ದವಾಖಾನೆಗೆ ಹೊರಡಿಸಿದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನಿ. ಬೆರಳ ತುದಿಯಿಂದ ರಕ್ತ ತೆಗೆದು ನೋಡಿ, ಚಹಾ ಕುಡಿದ ಮೇಲೂ ಸಕ್ಕರೆ ಕೆಳಗೇ ಇದೆ ಎಂದರು.

"ಗುಳಗಿ ಬಿಟ್ಟು ಬ್ಯಾರೆ ಏನರ ತಗೊಂತೀರೇನ್ರಿ?"

"ಏನಿಲ್ರಿ. ಬರೇ ಕಷಾಯ," ಎಂದರು ಮಾವ.

ಯಾವ ಕಷಾಯ, ಎಷ್ಟು ಎಂದು ಡಾಕ್ಟರು ಒಂದೊಂದೇ ಕೇಳಿದರು. ಅಮೃತಬಳ್ಳಿ ಕೆಲವರಲ್ಲಿ ಸಕ್ಕರೆ ಇಳಿಸುತ್ತದೆ, ಗುಳಿಗೆಯೂ ಇಳಿಸುತ್ತದೆ, ಎರಡೂ ಕೂಡಿದರೆ ಹೀಗಾಗಬಹುದು ಎಂದು ವಿವರಿಸಿದರು. ಬಹಳ ದಿನ ಹೆಚ್ಚಿಗೆ ಕುಡಿದು ಯಕೃತ್ತಿಗೆ ತೊಂದರೆ ಮಾಡಿಕೊಂಡವರೂ ಇದ್ದಾರೆ ಎಂದು ಆ ಪರೀಕ್ಷೆಯನ್ನೂ ಬರೆದರು. "ಔಷಧ ಅಂತ ನಂಬಿ ಕುಡೀತೀರಿ. ಔಷಧ ಅಂದ ಮ್ಯಾಲೆ ಹೆಚ್ಚು ಕಡಿಮಿ ಇರ್ತದಲ್ರಿ ಕಾಕಾ. ಹೇಳಿ ಕೇಳಿ ತಗೋಬೇಕು," ಎಂದರು.

ಹೊರಗೆ ಬಂದು ಆಟೊ ಕಾಯುತ್ತ ನಿಂತಾಗ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು. "ಕೇಳಿದಿಲ್ಲ ಯವ್ವಾ? ನನ್ನ ಕಷಾಯಕ್ಕ ಪವರ್ ಅದ ಅಂತ ಡಾಕ್ಟರೇ ಹೇಳಿದ್ರು." ಆ ಗಳಿಗೆಯಲ್ಲಿ ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವರೂ ನಕ್ಕರು. ಯಕೃತ್ತಿನ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ ಎಂದು ಗೊತ್ತಾದ ಮೇಲೆಯೇ ಅತ್ತೆಯ ಬಾಯಿಗೆ ಮಾತು ಬಂದದ್ದು. ಬಂದ ಮೇಲೆ ಅದು ಸುಲಭಕ್ಕೆ ನಿಲ್ಲಲಿಲ್ಲ.

ಕಷಾಯ ನಿಂತಿತು. ಕಿಟ್ಲಿ ತಿರುಗಿ ಮಾಳಿಗೆಗೆ ಹೋಯಿತು. ಮಾವ ಮಾತ್ರ ನಸುಕಿಗೆ ಎದ್ದು, ಅಂಗಳದಲ್ಲಿ ಇಸ್ತ್ರಿ ಅಂಗಿಯಲ್ಲಿ ಕೂಡುವುದು ಮತ್ತೆ ಶುರುವಾಯಿತು. ಕೆರೆಗೆ ಹೋಗಿ ಬರ್ರಿ ಎಂದರೆ, ಬರಿಗೈಯಲ್ಲಿ ಏನಂತ ಹೋಗಲಿ ಎನ್ನುತ್ತಿದ್ದರು. ಮನೆಗೆ ಒಂದು ಥರ ಮಂಕು ಕವಿದಿತ್ತು. ಅತ್ತೆಯೂ ಬೈಯುವುದನ್ನು ಕಡಿಮೆ ಮಾಡಿದ್ದರು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಚಹಾದವರು ಮನೆಗೆ ಬಂದರು. ಕುಶಲ ಕೇಳಿ, ಅತ್ತೆ ಕೊಟ್ಟ ಅವಲಕ್ಕಿ ತಿಂದು, ಆಮೇಲೆ ವಿಷಯಕ್ಕೆ ಬಂದರು.

"ಡ್ರೈವರ್ ಸಾಬ್, ನೀವ್ ಬರದ ಮ್ಯಾಲ ಧಂದಾ ಬಿದ್ದಾದ. ಮಂದಿ ಬರ್ತಾರ, ನಿಮ್ಮನ್ನ ಕೇಳ್ತಾರ, ಕಟಿಂಗ್ ಕುಡಿದು ಹೋಗ್ತಾರ. ಏನರ ಒಂದು ಮಾಡ್ಕೊಂಡು ಬರ್ರಿ. ಕಹಿ ಇರ್ಲಿ, ಸೀ ಇರ್ಲಿ."

"ನನ್ನ ಸೊಸಿ ಪರ್ವಾನಗಿ ಕೊಡಂಗಿಲ್ಲ," ಎಂದು ಮಾವ ನನ್ನ ಕಡೆ ಕೈ ಮಾಡಿದರು.

ಔಷಧವಾಗಿ ಅಲ್ಲದೆ ಊಟದ ಹಾಗೆ ತಿನ್ನುವಂಥದ್ದು ಏನಾದರೂ ಮಾಡಿದರೆ ನನ್ನ ತಕರಾರಿಲ್ಲ ಎಂದೆ. ಚಳಿ ಶುರುವಾಗಿತ್ತು, ಹುಮನಾಬಾದಿನ ಬಜಾರಿನಲ್ಲಿ ನೆಲ್ಲಿಕಾಯಿ ರಾಶಿ ಬಿದ್ದಿತ್ತು. ಅದರಲ್ಲಿ ಸಿ ಜೀವಸತ್ವವಿದೆ, ಒಗರಿದೆ, ನೇರಳೆ ದ್ರಾವಣಕ್ಕೆ ಅದೂ ಜಗ್ಗುವುದಿಲ್ಲ ಎಂದು ಮಾವನವರಿಗೆ ಸಮಾಧಾನವಾಗುವಂತೆ ಹೇಳಿದೆ. ಡಾಕ್ಟರಿಗೆ ಫೋನು ಮಾಡಿ ಕೇಳಿದಾಗ, ಅಡುಗೆಯಲ್ಲಿ ಹಾಕುವಷ್ಟಾದರೆ ತಿನ್ನಲಿ, ಅವರ ಪಾಲಿಗೆ ಬೆಲ್ಲ ಬೇಡ ಎಂದರು.

ಆಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಕುದಿಸಿ ಕುದಿಸಿ ಕೊಡೋದು ಸಾಕು. ನೆಲ್ಲಿಕಾಯಿ ಸಾರು ಮಾಡ್ತೀನಿ. ಕುಡಿದ್ರ ಕುಡೀಲಿ, ಇಲ್ಲಂದ್ರ ಅನ್ನಕ್ಕ ಕಲಸ್ಕೊಂಡು ಉಣ್ಲಿ," ಎಂದರು.

ಮರುದಿನ ನಾನು ಬಜಾರಿನಿಂದ ನೆಲ್ಲಿಕಾಯಿ ತಂದೆ. ಅದರ ಮರುದಿನ ನಸುಕಿಗೆ ಅತ್ತೆ ಜೀರಿಗೆ, ಕರಿಮೆಣಸು, ಬೆಳ್ಳುಳ್ಳಿ ಕುಟ್ಟಿ ತೊಗರಿ ಬೇಳೆಯ ಕಟ್ಟಿನಲ್ಲಿ ಕುದಿಸಿದರು. ರುಬ್ಬಿದ ನೆಲ್ಲಿಕಾಯಿಯನ್ನೂ ಅದರಲ್ಲೇ ಕುದಿಸಲು ಹೊರಟಾಗ ನಾನು ಅಡ್ಡ ಬಂದೆ. ಆ ಜೀವಸತ್ವ ಕುದಿತಕ್ಕೆ ನಿಲ್ಲುವುದಿಲ್ಲ, ಒಲೆಯಿಂದ ಇಳಿಸಿದ ಮೇಲೆ ಹಾಕ್ರಿ ಎಂದೆ.

"ಅಡಗಿ ನಿನಗ ಗೊತ್ತೋ, ನನಗ ಗೊತ್ತೋ?"

"ಅಡಗಿ ನಿಮಗ ಗೊತ್ತು. ನೆಲ್ಲಿಕಾಯಿ ಜರಾ ನನಗ ಗೊತ್ತು."

ಗೊಣಗುತ್ತಲೇ ಇಳಿಸಿ ಹಾಕಿದರು. ಮೇಲೆ ಇಂಗು, ಸಾಸಿವೆಯ ಒಗ್ಗರಣೆ. ಒಂದು ಬಟ್ಟಲು ಕುಡಿದು ನೋಡಿದ ನನ್ನ ಗಂಡ ಅಂದು ಅಂಗಡಿಗೆ ತಡವಾದರೂ ಎರಡನೆಯ ಬಟ್ಟಲಿಗೆ ಕೈ ಚಾಚಿದರು. ಮಾವ ಮಾಳಿಗೆ ಹತ್ತಿ ಕಿಟ್ಲಿ ಇಳಿಸಿದರು.

ಕೆರೆ ದಂಡೆಯಲ್ಲಿ ಸಾರು ಕುಡಿಯಲು ಜನ ಸಾಲು ಹಿಡಿದರು. ಚಳಿಗೆ ಬಿಸಿ ಬಿಸಿ, ಹುಳಿ ಹುಳಿ. ಕುಡಿದವರು ತುಟಿ ಸವರಿಕೊಂಡು, ಮತ್ತೊಂದು ಗುಟುಕು ಹಾಕಿಸಿಕೊಂಡು, ನೆಟ್ಟಗೆ ಮನೆಗೆ ನಡೆದರು. ವಾರ ತುಂಬುವ ಮೊದಲೇ ಚಹಾದವರು ಮತ್ತೆ ನಮ್ಮ ಬಾಗಿಲಿಗೆ ಬಂದು ನಿಂತರು. ಈ ಸಲ ಅವರು ಮಾವನವರನ್ನು ಕೇಳಲಿಲ್ಲ, ಅತ್ತೆಯನ್ನು ಕೇಳಿದರು.

"ಭಾಬಿ, ಇಷ್ಟ ರುಚಿ ಮಾಡಿದ್ರ ನನ್ನ ಚಾ ಯಾರ್ ಕುಡೀತಾರ? ಬಾಯಿ ಸರಿ ಮಾಡ್ಕೊಳ್ಳಾಕ ಏನೂ ಉಳಿದಿಲ್ಲಲ್ಲ."

ಅತ್ತೆಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಆದರೂ ಮುಖ ಗಂಭೀರ ಮಾಡಿಕೊಂಡು, "ಏನ್ ಮಾಡು ಅಂತೀರಿ?" ಎಂದರು.

"ಮೆಣಸು ಜರಾ ಜಾಸ್ತಿ ಹಾಕ್ರಿ."

ಅತ್ತೆ ಹಾಕಿದರು. ಸಾರು ಕುಡಿದವರ ಕಣ್ಣಂಚಿನಲ್ಲಿ ನೀರು, ನಾಲಿಗೆಯಲ್ಲಿ ಉರಿ. ಬಾಯಿ ತಂಪು ಮಾಡಿಕೊಳ್ಳಲು ಸಿಹಿ ಚಹಾದ ಬಂಡಿ ಪಕ್ಕದಲ್ಲೇ. ಖಾರ ಹೆಚ್ಚಾಯಿತೆಂದು ಯಾರೂ ದೂರಲಿಲ್ಲ. ನೆಗಡಿ ಇಳಿದುಹೋಯಿತು ಎಂದವರೇ ಹೆಚ್ಚು. ಅದು ನೆಲ್ಲಿಕಾಯಿಯಿಂದಲೋ, ಮೆಣಸಿನಿಂದಲೋ, ಇಳಿಯಬೇಕಾದ ದಿನ ತಾನೇ ಇಳಿಯಿತೋ, ಹೇಳುವ ಮಷೀನು ನನ್ನ ಬಳಿ ಇಲ್ಲ.

ಮಾವನವರ ಸಕ್ಕರೆ ಈಗ ಹಿಡಿತದಲ್ಲಿದೆ. ಕಷಾಯ ಬಿಟ್ಟ ಮೇಲೆ ಗುಳಿಗೆಯ ಲೆಕ್ಕವನ್ನು ಡಾಕ್ಟರು ಸರಿ ಮಾಡಿದರು, ಸಾರು ಶುರುವಾದಂದಿನಿಂದ ಇವರು ದಿನವೂ ಕೆರೆಯ ದಂಡೆಗೆ ನಡೆಯುವುದನ್ನು ಬಿಟ್ಟಿಲ್ಲ. ಮೊಬೈಲಿಗೆ ವೀಡಿಯೊಗಳು ಬರುವುದು ನಿಂತಿಲ್ಲ. ಆದರೆ ನೋಡಿದ ಮೇಲೆ, "ಇದು ನಳಿಗಿ ಒಳಗಿನ ಮಾತೋ, ಹೊಟ್ಟಿ ಒಳಗಿನ ಮಾತೋ?" ಎಂದು ನನ್ನನ್ನು ಕೇಳುತ್ತಾರೆ. ಎಷ್ಟೋ ಸಲ ನನಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದರೆ ಅವರಿಗೆ ಬೇಸರವಿಲ್ಲ.

ಇದೆಲ್ಲದರಲ್ಲಿ ನಾವು ಯಾರೂ ಎಣಿಸದೇ ಇದ್ದದ್ದೊಂದು ಆಯಿತು. ಸಾರಿನ ರುಚಿ ಕೆರೆಯಲ್ಲಿ ಕುಡಿಯುವವರ ಬಾಯಿಂದಲೇ ಕೇಳಬೇಕೆಂದು ಅತ್ತೆ ಒಂದು ದಿನ ಮಾವನವರ ಜೊತೆ ಹೊರಟರು. ಮದುವೆಯಾಗಿ ಬಂದಂದಿನಿಂದ ಬೆಳಗಿನ ಹೊತ್ತು ಅವರು ಒಲೆ ಬಿಟ್ಟು ಕದಲಿದವರಲ್ಲ. ಒಂದು ದಿನ ಹೋದವರು ಮರುದಿನವೂ ಹೋದರು. ಈಗ ನಸುಕಿಗೆ ಸಾರು ಇಳಿಸಿ, ತಲೆಗೆ ಶಾಲು ಸುತ್ತಿಕೊಂಡು, ಮಾವನವರಿಗಿಂತ ಮುಂದೆ ನಡೆಯುತ್ತಾರೆ. ರೊಟ್ಟಿಯ ಪಾಳಿ ನನ್ನ ಮತ್ತು ನನ್ನ ಗಂಡನ ಮೇಲೆ ಬಿದ್ದಿದೆ. ನನ್ನ ಗಂಡ ತಟ್ಟಿದ ರೊಟ್ಟಿ ಯಾವ ಆಕಾರಕ್ಕೂ ಸೇರುವುದಿಲ್ಲ.

ಹೋದ ಭಾನುವಾರ ನಾನೂ ಹೋಗಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು, ಚಹಾದವರು ಅವರ ಕೈಗೆ ಬಸಿ ಕೊಟ್ಟು ಇನ್ನೂ ಸಕ್ಕರೆ ಬೇಕೇನು ಎಂದು ಕೇಳುತ್ತಿದ್ದರು. ಹೊಸದಾಗಿ ನಡೆಯಲು ಶುರುಮಾಡಿದ ಒಬ್ಬ ಗೃಹಸ್ಥರು ಸಾರಿನ ಗ್ಲಾಸು ಹಿಡಿದು, ಅನುಮಾನದಿಂದ ಮೂಸಿ ನೋಡಿ, "ಇದು ಕುಡಿದ್ರ ಏನಾಗ್ತದ್ರಿ?" ಎಂದರು. ಮಾವ ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ.

"ಹಸಿವಿ ಆಗ್ತದ," ಎಂದರು ಅತ್ತೆ. "ಮನಿಗೆ ಹೋಗಿ ಹೊಟ್ಟಿ ತುಂಬ ಉಣ್ರಿ."

ಅವರು ಒಂದೇ ಗುಟುಕಿಗೆ ಕುಡಿದು, ಕೆಮ್ಮಿ, ಕಣ್ಣೊರೆಸಿಕೊಳ್ಳುತ್ತ ಚಹಾದ ಬಂಡಿಯ ಕಡೆ ತಿರುಗಿದರು.